ಬೋಳುಮನೆಯ ಕಟ್ಟು

ಉತ್ತರ ಕನ್ನಡದ ಕರಾವಳಿಯಲ್ಲಿ, ಹೊಳೆಯೊಂದು ಕಡಲು ಸೇರುವ ಮೊದಲು ಕೈಕಾಲು ಚಾಚಿ ಹರಡಿಕೊಳ್ಳುವ ಕಡೆ, ದೋಣಿಯ ಕಡವಿನಿಂದ ಅರ್ಧ ಮೈಲಿ ತೆಂಕಿಗೆ ನಡೆದರೆ ಕೆಸರುಮಣ್ಣಿನ ಉದ್ದನೆಯ ಕಟ್ಟೊಂದು ಸಿಗುತ್ತದೆ. ಕಟ್ಟಿನ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಗಜನಿ. ಗಜನಿಯೆಂದರೆ ಉಪ್ಪುನೀರು ಹೊಕ್ಕು ಹೊರಡುವ ತಗ್ಗುಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಎತ್ತರದ ಭತ್ತ ಬೆಳೆಯುತ್ತದೆ. ಕೊಯ್ಲಿನ ಮೇಲೆ ಅದೇ ನೆಲದಲ್ಲಿ ಮೀನು ಬೆಳೆಯುತ್ತದೆ. ಕಟ್ಟಿನ ನಡುವೆ ಕಲ್ಲಿನ ತೂಬು, ತೂಬಿನ ಬಾಯಿಗೆ ಒಂದರ ಮೇಲೊಂದು ಇಳಿಬಿಟ್ಟ ಹಲಗೆಗಳು. ಉಬ್ಬರ ಏರುವಾಗ ಹೊಳೆಯ ನೀರು ಈ ಹಲಗೆಗಳನ್ನು ಒಳಗಿನಿಂದ ಯಾರೋ ತಟ್ಟುತ್ತಿರುವಂತೆ ಕಟಕಟನೆ ಅಲುಗಿಸುತ್ತದೆ. ಉಬ್ಬರ ಇಳಿಯುವವರೆಗೆ ಆ ಸದ್ದು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಕಟ್ಟು ಮುಗಿಯುವಲ್ಲಿ ಒಂದು ದಿಬ್ಬ. ದಿಬ್ಬದ ಮೇಲೆ ಚಿರೆಕಲ್ಲಿನ ಮನೆ. ಗೋಡೆಗಳು ನೆಟ್ಟಗಿವೆ, ಬಾಗಿಲಿನ ಚೌಕಟ್ಟು ಗಟ್ಟಿಯಾಗಿದೆ, ಜಗಲಿಯ ಅಂಚು ಇಂದಿಗೂ ನೂಲು ಹಿಡಿದಂತೆ ನೇರವಾಗಿದೆ. ಮೇಲಿನ ಮಾಡು, ಎಂದರೆ ಸೂರು, ಮಾತ್ರ ಇಲ್ಲ. ಅದಕ್ಕೇ ಅದು ಬೋಳುಮನೆ, ಕಟ್ಟು ಬೋಳುಮನೆಯ ಕಟ್ಟು. ಮನೆಗೆ ಬೆಂಕಿ ಬಿದ್ದಿತ್ತೆಂದೂ, ಸಿಡುಬು ಬಂದು ಜನ ಬಿಟ್ಟುಹೋದರೆಂದೂ ಹೊರಗಿನಿಂದ ಬಂದವರು ತಮ್ಮಷ್ಟಕ್ಕೆ ಹೇಳಿಕೊಳ್ಳುವುದುಂಟು. ಅದು ಸರಿಯಲ್ಲ. ಗೋಡೆಯಲ್ಲಿ ಮಸಿಯ ಒಂದು ಕಲೆಯೂ ಇಲ್ಲ. ಜನ ಈ ಊರನ್ನು ಬಿಟ್ಟುಹೋಗಲೂ ಇಲ್ಲ.

ಹಿಂದೆ ಒಮ್ಮೆ ಈ ಮನೆಗೆ ಘಟ್ಟದ ಮೇಲಿನ ಊರಿನಿಂದ ಬೊಮ್ಮಕ್ಕ ಎಂಬವಳು ಸೊಸೆಯಾಗಿ ಬಂದಳು ಎನ್ನುತ್ತಾರೆ. ಅವಳ ತವರಿನಲ್ಲಿ ಕೊಯ್ಲು ಮುಗಿದ ಗದ್ದೆ ಗುಡಿಸಿದ ಅಂಗಳದಂತೆ ಇರುತ್ತಿತ್ತು. ಹುಲ್ಲು ಬುಡಕ್ಕೆ ಕೊಯ್ದು, ಒಂದೇ ಅಳತೆಯ ಕಟ್ಟು ಕಟ್ಟಿ, ಬಣವೆ ಒಟ್ಟಿದ ಮೇಲೆಯೇ ಕೆಲಸದವರಿಗೆ ಎಲೆ ಹಾಕುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವಳಿಗೆ ಗಜನಿಯ ರೀತಿ ಮೊದಲ ವರ್ಷದಿಂದಲೇ ಒಗ್ಗಲಿಲ್ಲ. ಇಲ್ಲಿ ಜನ ಮೊಣಕಾಲುದ್ದದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು, ಸೊಂಟದೆತ್ತರದ ಕೂಳೆಯನ್ನು ಹಾಗೆಯೇ ಬಿಟ್ಟು ಮನೆಗೆ ಬರುತ್ತಿದ್ದರು. ಆಮೇಲೆ ತೂಬಿನ ಹಲಗೆ ಎತ್ತಿ ಕಡಲಿನ ನೀರನ್ನು ಒಳಗೆ ಬಿಡುತ್ತಿದ್ದರು. ಕೂಳೆ ಉಪ್ಪುನೀರಿನಲ್ಲಿ ನಿಂತು ಕೊಳೆಯುತ್ತಿತ್ತು. ಮಾರ್ಗಶಿರ ಬರುವಷ್ಟರಲ್ಲಿ ಅದರ ವಾಸನೆ ಅಡುಗೆಮನೆಯವರೆಗೆ ಹರಡುತ್ತಿತ್ತು. ಬೊಮ್ಮಕ್ಕ ಸೆರಗನ್ನು ಮೂಗಿನಿಂದ ತೆಗೆಯದೆಯೇ ಬಡಿಸುತ್ತಿದ್ದಳು. ಅತ್ತೆ ಅದನ್ನು ನೋಡಿ ನಗುತ್ತಿದ್ದಳು. "ಮೂಗು ಮುಚ್ಕೊಂಡು ಬದುಕೂಕಾಗ್ತದೆ. ಬಾಯಿ ಮುಚ್ಕೊಂಡು ಬದುಕೂಕಾಗ್ತದಾ, ಹುಡ್ಗಿ?" ಎಂದು ಕೇಳಿದ್ದಳಂತೆ. ಅತ್ತೆ ಸೋಮಾರಿತನಕ್ಕೆ ನೆಪ ಹೇಳುತ್ತಿದ್ದಾಳೆ ಎಂದೇ ಬೊಮ್ಮಕ್ಕ ತಿಳಿದಳು.

ಅತ್ತೆ ತೀರಿಕೊಂಡ ಎರಡನೆಯ ಮಳೆಗಾಲದಲ್ಲಿ ಗಂಡನೂ ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಆ ಮನೆಯ ಯಜಮಾನನೇ ಕಟ್ಟಿನ ಯಜಮಾನ. ಯಾವಾಗ ಬಿತ್ತಬೇಕು, ಯಾವಾಗ ಕೊಯ್ಯಬೇಕು, ಯಾವ ಉಬ್ಬರಕ್ಕೆ ಹಲಗೆ ಎತ್ತಬೇಕು ಎಂಬುದನ್ನು ಹದಿನೆಂಟು ಮನೆಗಳಿಗೆ ಹೇಳಬೇಕಾದವನು ಅವನೇ. ಆ ಅಧಿಕಾರದ ಗುರುತು ಹಲಗೆ ಎತ್ತುವ ಒಂದು ಕಬ್ಬಿಣದ ಕೊಕ್ಕೆ. ಹೆಂಗಸಿನ ಕೈಗೆ, ಅದರಲ್ಲೂ ಘಟ್ಟದ ಮೇಲಿನವಳ ಕೈಗೆ, ಕೊಕ್ಕೆ ಹೋಗುವುದು ಹಿರಿಯರಿಗೆ ಸರಿತೋರಲಿಲ್ಲ. ಬೊಮ್ಮಕ್ಕ ಜಗಲಿಗೆ ಬಂದು, ಕಂಬ ಹಿಡಿಯದೆ ನೆಟ್ಟಗೆ ನಿಂತು, "ಫಾಲ್ಗುಣದ ಹುಣ್ಣಿಮೆಯವರೆಗೆ ನೋಡಿ. ಅಷ್ಟರೊಳಗೆ ಒಂದು ಮನೆಯ ಒಲೆ ತಣ್ಣಗಾದರೂ ಕೊಕ್ಕೆ ನಿಮ್ಮದು, ನಾನು ತವರಿಗೆ ನಡೆಯುತ್ತೇನೆ" ಎಂದಳು. ಅವಳು ಸುಮ್ಮನೆ ಮಾತಾಡುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೊಕ್ಕೆ ಅವಳ ಬಳಿಯೇ ಉಳಿಯಿತು.

ಫಾಲ್ಗುಣದ ಹುಣ್ಣಿಮೆಯನ್ನೇ ಹೇಳಿದ್ದಕ್ಕೆ ಕಾರಣವಿತ್ತು. ಕಗ್ಗದ ಅಕ್ಕಿ ಮಾಘದವರೆಗೆ ಬರುತ್ತದೆ, ಆಚೆಗೆ ಬರುವುದಿಲ್ಲ. ಅಲ್ಲಿಂದ ಮುಂದಿನ ಮಳೆಯವರೆಗೆ ಊರನ್ನು ಸಾಕುವುದು ತೂಬಿನ ಬಲೆ. ಆಷಾಢ ಶ್ರಾವಣದಲ್ಲಿ ಹೊಳೆ ಕೆಂಪಾಗಿ ಉಕ್ಕಿ ಕಡಲನ್ನು ಹಿಂದಕ್ಕೆ ತಳ್ಳುತ್ತದೆ. ಮಳೆ ಹಿಂಜರಿದ ಮೇಲೆ ಕಡಲು ತಿರುಗಿ ಬರುತ್ತದೆ. ಬರುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಶೆಟ್ಲಿ, ಎಂದರೆ ಸಿಗಡಿ ಮರಿಗಳನ್ನು, ನೋಗ್ಲಿ ಮೀನಿನ ಮರಿಗಳನ್ನು, ಏಡಿಯ ಮರಿಗಳನ್ನು ಉಬ್ಬರದಲ್ಲಿ ಹೊತ್ತು ತರುತ್ತದೆ. ಅವು ಗಜನಿಯೊಳಗೆ ಹೊಕ್ಕು, ತಿಂದು, ಕೊಬ್ಬಿ, ಒಂದೂವರೆ ಎರಡು ತಿಂಗಳಲ್ಲಿ ಮತ್ತೆ ಕಡಲ ಕಡೆಗೆ ಮುಖ ಮಾಡುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಇಳಿತದಲ್ಲಿ ಹಲಗೆ ಎತ್ತಿ ಚೀಲದಂಥ ಬಲೆ ಒಡ್ಡಿದರೆ ಅವು ತಾವಾಗಿಯೇ ಬಂದು ತುಂಬುತ್ತವೆ. ಹಸಿಯದು ಸಾರಿಗೆ, ಒಣಗಿಸಿದ್ದು ಘಟ್ಟ ಹತ್ತಿ ಹೋಗಿ ಅಕ್ಕಿ ರಾಗಿಯಾಗಿ ಕೆಳಗಿಳಿಯುತ್ತದೆ. ಇಷ್ಟನ್ನೂ ಬೊಮ್ಮಕ್ಕ ಬಲ್ಲಳು. ಮರಿಗಳು ಒಳಗೆ ಬಂದು ತಿನ್ನುವುದು ಏನನ್ನು ಎಂಬ ಪ್ರಶ್ನೆ ಮಾತ್ರ ಅವಳ ಮನಸ್ಸಿಗೆ ಬರಲಿಲ್ಲ. ಬೇರೆ ಯಾರ ಮನಸ್ಸಿಗೂ ಬಂದಿರಲಿಲ್ಲ. ಬರುವ ಅಗತ್ಯವೂ ಅಲ್ಲಿಯವರೆಗೆ ಇರಲಿಲ್ಲ.

ಆ ಕಾರ್ತಿಕದಲ್ಲಿ ಅವಳು ಗಜನಿಯ ನೀರನ್ನೆಲ್ಲ ಹೊರಗೆ ಬಿಡಿಸಿ, ಪೈರನ್ನು ಬುಡಕ್ಕೇ ಕೊಯ್ಯಲು ಹೇಳಿದಳು. ಅವಳ ಪರವಾಗಿ ಕೊಕ್ಕೆ ಹಿಡಿದು ತೂಬು ನೋಡಿಕೊಳ್ಳುತ್ತಿದ್ದ ಮಂಕಾಳಿ ತಲೆ ತುರಿಸಿಕೊಂಡ. ಅವನ ಅಪ್ಪ, ಅಜ್ಜ ಎಲ್ಲರೂ ಅದೇ ತೂಬಿನ ಮೇಲೆ ಕೂತು ಮುದುಕರಾದವರು.

"ಕೂಳೆ ಬಿಡ್ಬೇಕು, ಒಡತಿ."

"ಏಕೆ?"

"ಏಕೆ ಅಂದ್ರೆ... ಬಿಡ್ತ್ರು. ನನ್ನಪ್ಪನೂ ಬಿಡ್ತಿದ್ದ."

"ಕಾರಣ ಹೇಳಲು ಬಾರದ ಕೆಲಸ ನನ್ನ ಗದ್ದೆಯಲ್ಲಿ ಬೇಡ" ಎಂದಳು ಬೊಮ್ಮಕ್ಕ. ಅವನಿಗೆ ಕಾರಣ ಗೊತ್ತಿರಲಿಲ್ಲ, ಹಲಗೆ ಎತ್ತಲು ಹೋದ. ಎಂಟು ದಿನ ಹೆಂಗಸರು ಕೆಸರಿನಲ್ಲಿ ಬಗ್ಗಿ ಬಗ್ಗಿ ಕೊಯ್ದರು. ಈಶಾನ್ಯದ ಮೂಲೆಯಲ್ಲಿ ಸಣ್ಣಜ್ಜಿ ಎಂಬ ಮುದುಕಿಯ ಪಾಲಿನ ಒಂದು ತುಂಡು ಗದ್ದೆ, ನಾಲ್ಕು ಎಮ್ಮೆ ಮಲಗುವಷ್ಟು ಜಾಗ. ಅಲ್ಲಿ ಮಾತ್ರ ಕೂಳೆ ಸೊಂಟದೆತ್ತರ ನಿಂತಿತ್ತು. "ನನ್ನ ಸೊಂಟ ನಿಮ್ಮ ಮಾತು ಕೇಳೂದಿಲ್ಲ ಅಮ್ಮ, ನಿಮ್ಮ ಸೊಂಟ ಒಂದಿನ ಕೊಡಿ" ಎಂದು ಸಣ್ಣಜ್ಜಿ ಅಂದಳಂತೆ. ಬೊಮ್ಮಕ್ಕ ಅವಳನ್ನು ಚೆನ್ನಾಗಿ ಗದರಿದಳು. ಆದರೆ ಉಬ್ಬರದ ದಿನ ಹತ್ತಿರ ಬಂದಿದ್ದರಿಂದ ಆ ಮೂಲೆ ಹಾಗೆಯೇ ಉಳಿಯಿತು. ಕೊಯ್ದ ಹುಲ್ಲಿನಲ್ಲಿ ದನಗಳ ಪಾಲು ದನಗಳಿಗೆ ಹೋಯಿತು. ಉದ್ದನೆಯ ಒಳ್ಳೆಯ ಹುಲ್ಲನ್ನೆಲ್ಲ ಆರಿಸಿ ಅವಳು ತನ್ನ ಮನೆಗೆ ಹೊಸ ಮಾಡು ಹೊದಿಸಿದಳು. ಮೊಳದಷ್ಟು ದಪ್ಪ, ಅಂಚು ಕತ್ತರಿಸಿದಂತೆ ನೇರ. ಅಂಥ ಮಾಡು ಹೊಳೆಯ ಎರಡೂ ದಡಗಳಲ್ಲಿ ಇರಲಿಲ್ಲ. ದೋಣಿಯಲ್ಲಿ ಹೋಗುವವರು ಹುಟ್ಟು ನಿಲ್ಲಿಸಿ ನೋಡುತ್ತಿದ್ದರು. ದಿಬ್ಬದ ಕೆಳಗೆ ಕಡಲಿನ ನೀರು ಬೋಳು ಗಜನಿಯನ್ನು ತುಂಬಿಕೊಂಡು ಕನ್ನಡಿಯಂತೆ ಹೊಳೆಯುತ್ತಿತ್ತು. ವಾಸನೆ ಇರಲಿಲ್ಲ. ಆ ವರ್ಷ ಮೊದಲ ಸಲ ಬೊಮ್ಮಕ್ಕ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕೆಲಸದವರಿಗೆ ಬಡಿಸಿದಳು.

ಮಾರ್ಗಶಿರದ ಅಮಾವಾಸ್ಯೆಯ ಬೆಳಗಿನ ಇಳಿತಕ್ಕೆ ಮೊದಲ ಬಲೆ ಒಡ್ಡಿದರು. ಬಲೆಯಲ್ಲಿ ಎರಡು ಹಿಡಿ ಏಡಿಮರಿ, ಒಂದಿಷ್ಟು ತರಗೆಲೆ. ಮೊದಲ ಬಲೆ ಹಗುರವಾಗಿರುವುದು ಉಂಟು ಎಂದು ಸಮಾಧಾನ ಮಾಡಿಕೊಂಡರು. ಪುಷ್ಯದ ಹುಣ್ಣಿಮೆಗೆ ಹದಿನೆಂಟು ಮನೆಯ ಹೆಂಗಸರೂ ಬುಟ್ಟಿ ಹಿಡಿದು ಬಂದು ಕಟ್ಟಿನ ಮೇಲೆ ನಿಂತರು. ಬಲೆ ಮೇಲೆ ಬಂದಾಗ ನೀರು ಸೋರಿತೇ ಹೊರತು ಇನ್ನೇನೂ ಉಳಿಯಲಿಲ್ಲ. ಒಬ್ಬಳು ಬುಟ್ಟಿ ಮಗುಚಿ ಅದರ ಮೇಲೆ ಕೂತಳು. ಅವಳನ್ನು ನೋಡಿ ಇನ್ನೊಬ್ಬಳು ಕೂತಳು. ಮಗುಚಿದ ಬುಟ್ಟಿಗಳ ಸಾಲನ್ನು ನೋಡುತ್ತ ಬೊಮ್ಮಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲ್ಲವನ್ನೂ ತಾನು ಸರಿಯಾಗಿ ಮಾಡಿದ್ದಾಳೆ. ಸರಿಯಿಲ್ಲದಿರುವುದು ಬೇರೆ ಯಾರಿಂದಲೋ ಆಗಿರಬೇಕು. ಅವಳು ನೇರವಾಗಿ ಮಂಕಾಳಿಯ ಎದುರಿಗೆ ಹೋಗಿ, ಎಲ್ಲರ ಮುಂದೆ, ಹಲಗೆ ಎತ್ತಿ ಮೀನನ್ನು ಆಚೆ ದಡದವರ ಬಲೆಗೆ ಬಿಟ್ಟಿದ್ದೀಯಾ ಎಂದು ಕೇಳಿದಳು.

ಮಂಕಾಳಿ ಬಲೆಯ ಹಗ್ಗ ಕೈಬಿಟ್ಟ. "ಬೈದ್ರೆ ಬೈಯಿರಿ ಒಡತಿ. ಕಳ್ಳ ಅನ್ಬೇಡಿ" ಎಂದು ಹೇಳಿ, ಕೊಕ್ಕೆಯನ್ನು ಅವಳ ಕಾಲ ಬಳಿ ಇಟ್ಟು ಮನೆಗೆ ನಡೆದ.

ಅಂದಿನಿಂದ ಹಲಗೆ ಎತ್ತುವ, ಇಳಿಸುವ ಕೆಲಸವನ್ನು ಬೊಮ್ಮಕ್ಕ ತಾನೇ ಮಾಡಿದಳು. ನೀರಿನ ಒತ್ತಡಕ್ಕೆ ಬಿಗಿದುಕೊಂಡ ಹಲಗೆ ಅವಳ ಅಂಗೈಯನ್ನು ಸುಲಿಯಿತು. ಹಗಲಿಗೆ ಹತ್ತು ಸಲ ಕಟ್ಟಿನ ಈ ತುದಿಯಿಂದ ಆ ತುದಿಗೆ ನಡೆದಳು. ಹಲಗೆಯ ಸಂದುಗಳಿಗೆ ಜೇಡಿಮಣ್ಣು ಮೆತ್ತಿದಳು. ಉಬ್ಬರ ಎಲ್ಲಿಯವರೆಗೆ ಏರಿತೆಂದು ಕಲ್ಲಿನ ಮೇಲೆ ಗೆರೆ ಎಳೆದಳು. ಊಟಕ್ಕೆ ಕೂತರೆ ಹಲಗೆಯ ಕಟಕಟ ಕೇಳಿ ಅರ್ಧಕ್ಕೇ ಎದ್ದು ಬರುತ್ತಿದ್ದಳು. ಪುಷ್ಯದ ಅಮಾವಾಸ್ಯೆಗೆ ತನ್ನ ಕೈಯಿಂದಲೇ ಹಲಗೆ ಎತ್ತಿ, ತನ್ನ ಕಣ್ಣೆದುರೇ ಬಲೆ ಎಳೆಸಿದಳು. ಮತ್ತೆ ಎರಡು ಹಿಡಿ ಏಡಿಮರಿ. ಹಾಗಾದರೆ ಮಂಕಾಳಿ ಕದ್ದಿರಲಿಲ್ಲ. ಅದು ಅವಳಿಗೆ ಆ ಕ್ಷಣವೇ ತಿಳಿಯಿತು. ಮೀನು ಬಾರದಿರಲು ಕಾರಣವೇನೆಂದು ಮಾತ್ರ ತಿಳಿಯಲಿಲ್ಲ. ಅತ್ತ ಮಂಕಾಳಿ ಸಂಸಾರ ಸಮೇತ ಆಚೆ ದಡಕ್ಕೆ ಹೋಗುವುದಕ್ಕಾಗಿ ದೋಣಿಯ ಬಿರುಕು ಮುಚ್ಚುತ್ತಿದ್ದಾನೆ ಎಂಬ ಸುದ್ದಿ ಬಂತು. ಇತ್ತ ಊರಿನ ಕಣಜಗಳ ತಳ ಕಾಣತೊಡಗಿತ್ತು. ಹಿರಿಯರು ದಿನವೂ ಬೋಳುಮನೆಯ ಮುಂದೆ ಹಾದುಹೋಗುವಾಗ ಜಗಲಿಯ ಮೇಲೆ ಒರಗಿಸಿದ್ದ ಕೊಕ್ಕೆಯ ಕಡೆಗೊಮ್ಮೆ ಕಣ್ಣು ಹಾಯಿಸುತ್ತಿದ್ದರು. ಆಗ ಅದು ಬೋಳುಮನೆಯಾಗಿರಲಿಲ್ಲ ಎಂಬುದನ್ನು ಓದುವವರು ನೆನಪಿಡಬೇಕು. ಅದು ಊರಿನಲ್ಲೇ ಅತಿ ಚೆಂದದ ಮಾಡಿನ ಮನೆಯಾಗಿತ್ತು.

ಮಾಘದ ಆರಂಭದ ಒಂದು ಬೆಳಿಗ್ಗೆ ಅವಳು ಎಂದಿನಂತೆ ಕಟ್ಟಿನ ಮೇಲೆ ನಡೆಯುತ್ತಿದ್ದಳು. ಬೆಳ್ಳಕ್ಕಿಗಳು ಹೊಳೆಯ ಕಡೆಯಿಂದ ಬಂದು, ಗಜನಿಯ ಮೇಲೆ ಒಂದು ಸುತ್ತು ಹಾಕಿ, ಇಳಿಯದೆ ಮುಂದೆ ಹೋಗುತ್ತಿದ್ದವು. ಇದನ್ನು ಅವಳು ತಿಂಗಳಿಂದ ನೋಡುತ್ತಿದ್ದಳು. ಆ ದಿನ ಅವು ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ನಿಂತು ನೋಡಿದಳು. ಎಲ್ಲವೂ ಈಶಾನ್ಯದ ಮೂಲೆಗೆ ಹೋಗಿ ಇಳಿದವು. ನಾಲ್ಕು ಎಮ್ಮೆ ಮಲಗುವಷ್ಟು ಜಾಗದಲ್ಲಿ ಕಾಲಿಡಲು ಸಂದಿಲ್ಲದಂತೆ ನಿಂತು, ಕುತ್ತಿಗೆ ಚಾಚಿ ಚಾಚಿ ಕುಕ್ಕುತ್ತಿದ್ದವು. ಅವುಗಳ ನಡುವೆ ಸಣ್ಣಜ್ಜಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಒಂದು ಸಣ್ಣ ಕುಕ್ಕೆಯನ್ನು ಅದ್ದಿ ಎತ್ತುತ್ತಿದ್ದಳು.

ಗಜನಿಯ ಕೆಸರಿಗೆ ಕಾಲಿಡಲು ಹಿಂಜರಿಯುತ್ತಿದ್ದ ಬೊಮ್ಮಕ್ಕ ಸೀರೆಯನ್ನು ಎತ್ತಿಕಟ್ಟದೆಯೇ ನೀರಿಗೆ ಇಳಿದಳು. ಆ ಮೂಲೆ ಸಮೀಪಿಸಿದಂತೆ ಅವಳು ಮರೆತಿದ್ದ ವಾಸನೆ ಎದುರಾಯಿತು. ಕೂಳೆ ಕಪ್ಪಾಗಿ, ಮೆತ್ತಗಾಗಿ, ಮೈತುಂಬ ಹಸಿರು ಲೋಳೆ ಹೊದ್ದು ನಿಂತಿತ್ತು. ಒಂದು ಬುಡವನ್ನು ಹಿಡಿದಳು. ಬೆರಳ ಸಂದಿನಿಂದ ನೂರು ಕಡೆ ಏನೋ ಚಿಮ್ಮಿತು. ಲೋಳೆಯನ್ನು ಕೆರೆದು ತಿನ್ನುತ್ತಿದ್ದ ಶೆಟ್ಲಿಗಳು! ಅವು ಅವಳ ಕಾಲಿನ ಬೆರಳುಗಳನ್ನೂ ಮುಟ್ಟಿ ನೋಡಿದವು. ಸಣ್ಣಜ್ಜಿಯ ಕುಕ್ಕೆಯಲ್ಲಿ ಬೆರಳುದ್ದದವು ಅರ್ಧ ಸೇರಿನಷ್ಟಿದ್ದವು.

"ಎಷ್ಟು ದಿನದಿಂದ ಹಿಡಿಯುತ್ತಿದ್ದೀಯೇ?"

"ಪುಷ್ಯದಿಂದ. ಒಂದು ಹೊತ್ತಿನ ಸಾರಿಗೆ ಆಗ್ತದೆ."

"ನನಗೆ ಹೇಳಲಿಲ್ಲವೇಕೆ?"

"ಹೇಳಿದ್ರೆ ಇದನ್ನೂ ಬೋಳಿಸ್ತಿದ್ರಿ, ಅಮ್ಮ" ಎಂದಳು ಸಣ್ಣಜ್ಜಿ. ಅವಳು ಕುಕ್ಕೆ ಅದ್ದುವುದನ್ನು ನಿಲ್ಲಿಸಲಿಲ್ಲ. "ಉಬ್ಬರದಲ್ಲಿ ಮರಿಗಳು ಬರ್ತವೆ, ಒಂದು ಸುತ್ತು ನೋಡ್ತವೆ, ಇಳಿತದಲ್ಲಿ ಹೋಗ್ತವೆ. ನಿಮ್ಮನೆಗೆ ಬಂದ ನೆಂಟರಿಗೆ ಬರೀ ಗುಡಿಸಿದ ಜಗಲಿ ತೋರಿಸಿದ್ರೆ ಕೂರ್ತಾರಾ?"

ಬೊಮ್ಮಕ್ಕ ಎಷ್ಟು ಹೊತ್ತು ಆ ನೀರಿನಲ್ಲಿ ನಿಂತಿದ್ದಳೋ ಯಾರೂ ಹೇಳುವುದಿಲ್ಲ. ಬೆಳ್ಳಕ್ಕಿಗಳು ಅವಳಿಗೆ ಹೆದರುವುದನ್ನು ಬಿಟ್ಟು ಸುತ್ತ ಮೇಯುತ್ತಿದ್ದವು ಎಂದಷ್ಟೇ ಹೇಳುತ್ತಾರೆ. ಅತ್ತೆಯ ನಗು, ಮಂಕಾಳಿಯ ತಲೆ ತುರಿಸುವಿಕೆ, ಮಗುಚಿದ ಬುಟ್ಟಿಗಳ ಸಾಲು ಎಲ್ಲವೂ ಅವಳ ಕಣ್ಣ ಮುಂದೆ ಬಂದಿರಬೇಕು. ಕಾರಣ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಉತ್ತರ ಸಿಗುವ ಮೊದಲೇ ಕೊಯ್ಯಿಸಿದ್ದು ತಪ್ಪು. ಆ ತಪ್ಪನ್ನು ಸರಿಪಡಿಸಲು ಹುಲ್ಲು ಬೇಕಿತ್ತು. ಊರಿನ ಹುಲ್ಲನ್ನು ದನಗಳು ಆಗಲೇ ತಿಂದು ಮುಗಿಸಿದ್ದವು. ಗಜನಿಯ ಹುಲ್ಲು ಉಳಿದಿದ್ದದ್ದು ಒಂದೇ ಕಡೆ.

ಅವಳು ಕೆಸರು ಸೀರೆಯಲ್ಲೇ ದಿಬ್ಬ ಹತ್ತಿ, ಏಣಿ ಇಡಿಸಿ, ಜಗಲಿಯಲ್ಲಿದ್ದ ಕೊಕ್ಕೆಯನ್ನು ತೆಗೆದುಕೊಂಡು ಮೇಲೆ ಹೋದಳು. ಅಳತೆಯಿಟ್ಟು ಕತ್ತರಿಸಿದ ಆ ಅಂಚಿಗೆ ಕೊಕ್ಕೆ ಸಿಕ್ಕಿಸಿ ಹುಲ್ಲಿನ ಮೊದಲ ಕಟ್ಟನ್ನು ತಾನೇ ಎಳೆದು ಕೆಡವಿದಳು. ಒಡತಿಗೆ ತಲೆ ಕೆಟ್ಟಿತೆಂದು ಜನ ಓಡಿ ಬಂದರು. ಮೇಲಿನಿಂದಲೇ ಅವಳು, ಪ್ರತಿ ಕಟ್ಟನ್ನೂ ಬಿಡಿಸಿ ಹಿಡಿ ಹಿಡಿಯಾಗಿ ಹೊಳೆದಡದ ಕಾಂಡ್ಲಾ ಗಿಡದ ಕೋಲುಗಳಿಗೆ ಕಟ್ಟಿ, ಗಜನಿಯ ತುಂಬ ಮೊಳಕ್ಕೊಂದರಂತೆ ನೆಡಬೇಕೆಂದು ಹೇಳಿದಳು. ಸಾಲು ನೇರವಾಗಿರಬೇಕೇ ಎಂದು ಯಾರೋ ಕೇಳಿದರು. ಬೊಮ್ಮಕ್ಕ ಒಂದು ಕ್ಷಣ ಯೋಚಿಸಿ, ಬೇಡ ಎಂದಳು. ಅವಳನ್ನು ಬಲ್ಲವರಿಗೆ ಮಾಡು ಇಳಿಸಿದ್ದಕ್ಕಿಂತ ಆ ಮಾತೇ ಹೆಚ್ಚು ಆಶ್ಚರ್ಯವಾಯಿತಂತೆ.

ಮಧ್ಯಾಹ್ನದ ಹೊತ್ತಿಗೆ ಕೊಕ್ಕೆ ಹಿಡಿದುಕೊಂಡು ಅವಳು ಕಡವಿಗೆ ಹೋದಳು. ಮಂಕಾಳಿಯ ದೋಣಿ ನೀರಿಗಿಳಿದಿತ್ತು. ಮಡಕೆ, ಚಾಪೆ, ಬಲೆ ಎಲ್ಲ ಅದರಲ್ಲಿದ್ದವು. ಊರಿನ ಅರ್ಧ ಜನ ಅವಳ ಹಿಂದೆ ಬಂದಿದ್ದರು.

"ನಿನ್ನನ್ನು ಕಳ್ಳ ಎಂದೆ. ತಪ್ಪು ನನ್ನದು. ಎಲ್ಲರೂ ಕೇಳುವಂತೆ ಹೇಳುತ್ತಿದ್ದೇನೆ, ಎರಡನೆಯ ಸಲ ಹೇಳುವುದಿಲ್ಲ" ಎಂದು ಕೊಕ್ಕೆಯನ್ನು ಮುಂದೆ ಚಾಚಿದಳು.

ಮಂಕಾಳಿ ಅವಳ ಸುಲಿದ ಅಂಗೈ ನೋಡಿದ. "ಎರಡನೇ ಸಲ ಬ್ಯಾಡ, ಒಡತಿ. ಒಂದೇ ಸಲಕ್ಕೆ ಊರೆಲ್ಲ ಕಿವಿ ನಿಮಿರ್ಸಿ ನಿಂತದೆ" ಎಂದು ಕೊಕ್ಕೆ ಇಸಕೊಂಡ. ಅವನ ಹೆಂಡತಿ ದೋಣಿಯಿಂದ ಮಡಕೆ ಇಳಿಸತೊಡಗಿದಳು.

ಆಮೇಲಿನ ದಿನಗಳು ಎಲ್ಲಕ್ಕಿಂತ ಕಷ್ಟದವು. ಮಾಡಿಲ್ಲದ ಮನೆ ಬಿಟ್ಟು ಬೊಮ್ಮಕ್ಕ ಕೊಟ್ಟಿಗೆಗೆ ಬಂದಿದ್ದಳು. ಬೆಳಗೆದ್ದ ಕೂಡಲೇ ಕಟ್ಟಿಗೆ ಹೋಗಿ ಮೂಗು ಅರಳಿಸಿ ನಿಲ್ಲುತ್ತಿದ್ದಳು. ಹತ್ತು ದಿನ ಏನೂ ಇರಲಿಲ್ಲ. ಒಣಹುಲ್ಲು ನೀರಿನಲ್ಲಿ ಹೊಂಬಣ್ಣವಾಗಿಯೇ ಇತ್ತು. ಹನ್ನೊಂದನೆಯ ದಿನ ಗಾಳಿ ತಿರುಗಿದಾಗ ತೆಳ್ಳಗೆ ಕೊಳೆತ ವಾಸನೆ ಬಂತು. ಮಾಘದ ಹುಣ್ಣಿಮೆಗೆ ಹುಲ್ಲು ಕಂದಿ, ಲೋಳೆ ಹಿಡಿಯಿತು. ಮಾಘದ ಅಮಾವಾಸ್ಯೆಗೆ ನೀರಿನ ಮೇಲೆ ಸಣ್ಣ ಸಣ್ಣ ಚಿಮ್ಮುಗಳು ಕಂಡವು. ಆಗ ಊರಿನವರು ಬುಟ್ಟಿ ತಂದರು. ಎಷ್ಟೋ ಮನೆಗಳಲ್ಲಿ ಗಂಜಿಗೆ ಗೆಣಸಿನ ತುಂಡು ಸೇರತೊಡಗಿತ್ತು, ಒಲೆ ಇನ್ನೂ ಉರಿಯುತ್ತಿತ್ತು ಅಷ್ಟೆ. ಹಲಗೆ ಎತ್ತು ಎಂದು ಹಿರಿಯರು ಹೇಳಿದರು. ಮಂಕಾಳಿ ಎತ್ತಲಿಲ್ಲ. ಏಕೆ ಎಂದು ಬೊಮ್ಮಕ್ಕ ರೂಢಿಯಂತೆ ಕೇಳಿದಳು. ಈ ಸಲ ಅವನ ಬಳಿ ಉತ್ತರವಿತ್ತು. ನೀರಿಗೆ ಕೈ ಹಾಕಿ ಒಂದು ಶೆಟ್ಲಿಯನ್ನು ಹಿಡಿದು ಅವಳ ಅಂಗೈ ಮೇಲಿಟ್ಟ. "ಕಣ್ಣು ದೊಡ್ಡದು, ಮೈ ಸಣ್ಣದು. ಇನ್ನೊಂದು ಹದಿನೈದು ದಿನ ಉಣ್ಲಿ." ಬೊಮ್ಮಕ್ಕ ಅದನ್ನು ಮತ್ತೆ ನೀರಿಗೆ ಬಿಟ್ಟು, ಜನರ ಕಡೆಗೆ ತಿರುಗಿ, ತನ್ನ ಕಣಜದಲ್ಲಿ ಉಳಿದಿದ್ದ ಭತ್ತವನ್ನು ಹದಿನೆಂಟು ಪಾಲು ಮಾಡಿಕೊಳ್ಳಲು ಹೇಳಿದಳು. ಹದಿನೈದು ದಿನ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಾತಿನಂತೆ ತವರಿಗೆ ಹೋಗಬೇಕಾದರೆ ಬೇಕಾದ ಎರಡು ಸೀರೆಗಳನ್ನು ಮಡಿಸಿಟ್ಟಿದ್ದಳು.

ಫಾಲ್ಗುಣದ ಹುಣ್ಣಿಮೆಯ ಬೆಳಿಗ್ಗೆ ಇಳಿತ ಶುರುವಾಯಿತು. ಮಂಕಾಳಿ ಮೇಲಿನ ಹಲಗೆ ಎತ್ತಿದ, ಆಮೇಲೆ ಎರಡನೆಯದು. ಬಲೆಯ ಹಗ್ಗ ಮೊದಲು ನಡುಗಿತು, ಆಮೇಲೆ ಬಿಗಿಯಿತು. ಮೂವರು ಹಿಡಿದರೂ ಏಳಲಿಲ್ಲ. ಆರು ಜನ ಸೇರಿ ಎಳೆದರು. ಬಲೆ ಕಟ್ಟಿನ ಮೇಲೆ ಬಿದ್ದು ಬಿಚ್ಚಿಕೊಂಡಾಗ ಶೆಟ್ಲಿ, ನೋಗ್ಲಿ, ಏಡಿ ಎಲ್ಲ ಒಂದರ ಮೇಲೊಂದು ಹಾರಿ ಹೆಂಗಸರ ಕಾಲಿಗೆ ಬಡಿದವು. ಮಗುಚಿ ಕೂತಿದ್ದ ಬುಟ್ಟಿಗಳು ನೆಟ್ಟಗಾದವು. ಹಿರಿಯರಲ್ಲಿ ಯಾರೂ ಕೊಕ್ಕೆಯ ಮಾತೆತ್ತಲಿಲ್ಲ. ಸಣ್ಣಜ್ಜಿ ಮಾತ್ರ ತನ್ನ ಕುಕ್ಕೆಯನ್ನು ಮುಂದೆ ಹಿಡಿದು, "ನನ್ನ ಮೂಲೆಯವು ಹೊರಗೆ ಬಂದವೋ ನೋಡ್ತೆ, ಗುರ್ತು ಸಿಕ್ತದೆ" ಎಂದಾಗ ಊರೆಲ್ಲ ನಕ್ಕಿತು. ಬೊಮ್ಮಕ್ಕನೂ ನಕ್ಕಳು ಎಂದು ಕೆಲವರು ಹೇಳುತ್ತಾರೆ, ಇಲ್ಲವೆಂದು ಕೆಲವರು.

ಮಳೆ ಹತ್ತಿರ ಬಂದಾಗ ಊರಿನವರು ತೆಂಗಿನ ಮಡಲು ಹೆಣೆದು ತಂದು, ಮನೆಗೆ ಮಾಡು ಹೊದಿಸುತ್ತೇವೆ ಎಂದರು. ಕೊಟ್ಟಿಗೆಗೆ ಹೊದಿಸಿ, ಅಷ್ಟು ಸಾಕು ಎಂದಳು ಬೊಮ್ಮಕ್ಕ. ಇಷ್ಟು ಒಳ್ಳೆಯ ಗೋಡೆ ಮಳೆಗೆ ನೆನೆಯುತ್ತದಲ್ಲ ಎಂದು ಮಂಕಾಳಿ ಹೇಳಿದಾಗ ಅವಳು, "ನೆನೆಯಲಿ. ನಾಳೆ ಈ ಊರಿಗೆ ಇನ್ನೊಬ್ಬಳು ಸೊಸೆ ಬರುತ್ತಾಳೆ, ನನ್ನ ಹಾಗೆಯೇ ಮೂಗು ಮುಚ್ಚಿಕೊಂಡು. ನೀನು ಅವಳಿಗೆ ಕಾರಣ ಹೇಳಲಾರೆ. ನಿನಗೆ ಮಾತು ಬರುವುದಿಲ್ಲ. ಇದನ್ನು ತೋರಿಸು" ಎಂದಳಂತೆ. ಬದುಕಿರುವವರೆಗೂ ಅವಳು ಕೊಟ್ಟಿಗೆಯ ಬದಿಯ ಕೋಣೆಯಲ್ಲೇ ಇದ್ದಳು, ಅದನ್ನು ಅಷ್ಟೇ ಚೊಕ್ಕಟವಾಗಿ ಇಟ್ಟುಕೊಂಡಿದ್ದಳು.

ಇಂದಿಗೂ ಆ ಗಜನಿಯಲ್ಲಿ ತೆನೆಯನ್ನಷ್ಟೇ ಕೊಯ್ಯುತ್ತಾರೆ. ಕೂಳೆ ಸೊಂಟದೆತ್ತರ ನಿಲ್ಲುತ್ತದೆ. ಕೊಯ್ಲಿನ ಕೊನೆಯ ದಿನ ಒಂದು ಹಿಡಿ ಉದ್ದನೆಯ ಹುಲ್ಲನ್ನು ತಂದು ಬೋಳುಮನೆಯ ಗೋಡೆಯ ಮೇಲಿಟ್ಟು, ಮತ್ತೆ ಅದನ್ನು ಕೆಳಗೆ ಎಳೆದು, ಒಯ್ದು ನೀರಿಗೆ ನೆಡುತ್ತಾರೆ. ಈಶಾನ್ಯದ ಮೂಲೆಗೆ ಈಗಲೂ ಸಣ್ಣಜ್ಜಿಯ ಪಾಲು ಎಂದೇ ಹೆಸರು; ಬೆಳ್ಳಕ್ಕಿಗಳು ಮೊದಲು ಇಳಿಯುವುದೂ ಅಲ್ಲಿಯೇ. ಚಳಿಗಾಲದಲ್ಲಿ ಕಟ್ಟಿನ ಮೇಲೆ ನಡೆಯಲು ಬರುವವರು ಗಾಳಿ ಬೀಸಿದೊಡನೆ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಳ್ಳುತ್ತಾರೆ. ಊರಿನವರು ಅವರಿಗೆ ಏನೂ ಹೇಳುವುದಿಲ್ಲ. ಹಲಗೆಗಳು ಕಟಕಟನೆ ಅಲುಗುವ ತೂಬನ್ನು ದಾಟಿಸಿ, ದಿಬ್ಬ ಹತ್ತಿಸಿ, ನೇರವಾದ ಆ ಜಗಲಿಯ ಅಂಚಿನ ಮೇಲೆ ಕೂರಿಸಿ, ತಲೆಯೆತ್ತಿ ಮೇಲೆ ನೋಡಲು ಹೇಳುತ್ತಾರೆ. ಮೇಲೆ ಬರಿಯ ಆಕಾಶ.